ಟೀಮ್ ಆರ್ಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಧಾಟಿಯನ್ನು ಹಾಗೇ ಉಳಿಸಿದ್ದೇವೆ. ಉದಾಹರಣೆಗಳು ಹೆಚ್ಚಾಗಿ ಫಾರ್ಮುಲಾ ಒನ್‌ನವು, ಏಕೆಂದರೆ ಜಗಳ ಹೆಚ್ಚಾಗಿ ಆಗಿರುವುದು ಅಲ್ಲೇ.

## ಮೊದಲ ಪ್ರಶ್ನೆಗಳು

ಟೀಮ್ ಆರ್ಡರ್ ಅಂದರೆ ಏನು? ಪಿಟ್‌ಗೆ ಬಾ ಅನ್ನೋದೂ ಅದೇನಾ?

ಅಲ್ಲ. ಪಿಟ್‌ಗೆ (ಟೈರ್ ಬದಲಿಸುವ ಜಾಗಕ್ಕೆ) ಬಾ, ಟೈರ್ ಉಳಿಸು, ಇಂಧನ ಉಳಿಸು ಎನ್ನುವುದೆಲ್ಲ ಆ ಒಂದು ಕಾರಿನ ರೇಸಿಗೆ ಸಂಬಂಧಪಟ್ಟ ಸೂಚನೆ. ತಂಡದ ಒಂದು ಕಾರಿನ ರೇಸನ್ನು ಇನ್ನೊಂದು ಕಾರಿನ ಸಲುವಾಗಿ ಬದಲಾಯಿಸಿದರೆ ಅದು ಟೀಮ್ ಆರ್ಡರ್. ಇದರಲ್ಲಿ ಮೂರು ಬಗೆ: ಹಿಂದಿರುವ ಜೊತೆಗಾರನಿಗೆ ಜಾಗ ಬಿಡು, ಈಗ ಇರುವ ಕ್ರಮದಲ್ಲೇ ರೇಸ್ ಮುಗಿಸಿ, ಎದುರಾಳಿಯನ್ನು ತಡೆದು ಜೊತೆಗಾರನಿಗೆ ಸಮಯ ಗಳಿಸಿಕೊಡು.

ಜನ ಕೂಗಾಡುವುದು ಹೆಚ್ಚಾಗಿ ಮೊದಲನೆಯದಕ್ಕೆ. 2021ರ ಅಬುಧಾಬಿ ರೇಸಿನಲ್ಲಿ ರೆಡ್ ಬುಲ್ ತಂಡದ ಸರ್ಜಿಯೊ ಪೆರೆಜ್ ಹಳೆಯ ಟೈರಿನಲ್ಲಿ ಲೂಯಿಸ್ ಹ್ಯಾಮಿಲ್ಟನ್‌ನನ್ನು ತಿರುವು ತಿರುವಿಗೂ ಅಡ್ಡಗಟ್ಟಿ, ಜೊತೆಗಾರ ಮ್ಯಾಕ್ಸ್ ವರ್ಸ್ಟಾಪನ್‌ಗೆ ಹಲವು ಸೆಕೆಂಡು ಉಳಿಸಿಕೊಟ್ಟ. ಅದಕ್ಕೆ ಚಪ್ಪಾಳೆಯೇ ಸಿಕ್ಕಿತು. ಸಾರದಲ್ಲಿ ಅದೂ ಟೀಮ್ ಆರ್ಡರೇ. ವ್ಯತ್ಯಾಸವಿಷ್ಟೇ, ಅಲ್ಲಿ ನೋಡುಗರಿಗೆ ಪೈಪೋಟಿ ಕಾಣಿಸಿತು.

ಇಬ್ಬರೂ ಒಂದೇ ತಂಡದವರು. ಯಾರು ಮುಂದೆ ಬಂದರೂ ತಂಡಕ್ಕೆ ಅಷ್ಟೇ ಅಂಕ ತಾನೇ?

ಲೆಕ್ಕ ಸರಿಯಾಗಿದೆ, ಗೊಂದಲದ ಬೇರು ಇರುವುದೂ ಇಲ್ಲೇ. ಮೊದಲ ಸ್ಥಾನಕ್ಕೆ 25, ಎರಡನೆಯದಕ್ಕೆ 18. ಯಾರು ಗೆದ್ದರೂ ತಂಡಕ್ಕೆ 43. ಹಾಗಾಗಿ ಜಾಗ ಅದಲು ಬದಲು ಮಾಡಿದರೆ ಕನ್‌ಸ್ಟ್ರಕ್ಟರ್ಸ್ (ತಂಡಗಳ) ಪಟ್ಟಿಯಲ್ಲಿ ಒಂದು ಅಂಕವೂ ಅತ್ತಿತ್ತ ಆಗುವುದಿಲ್ಲ. ಬದಲಾಗುವುದು ಡ್ರೈವರ್‌ಗಳ ಪಟ್ಟಿ.

ಫಾರ್ಮುಲಾ ಒನ್‌ನಲ್ಲಿ ಒಂದೇ ರೇಸಿನ ಒಳಗೆ ಎರಡು ಚಾಂಪಿಯನ್‌ಶಿಪ್ ಓಡುತ್ತವೆ: ಡ್ರೈವರ್‌ಗಳದ್ದು 1950ರಿಂದ, ಕಾರು ಕಟ್ಟುವವರದ್ದು 1958ರಿಂದ. ಜನ ನೋಡುವುದು ಮೊದಲನೆಯದನ್ನು. ತಂಡಗಳಿಗೆ ಹಣ ಹಂಚಿಕೆಯಾಗುವುದು ಎರಡನೆಯದರ ಆಧಾರದ ಮೇಲೆ. "ಇದ್ದಲ್ಲೇ ಇರಿ" ಎಂಬ ಆದೇಶ ಎರಡನೆಯದನ್ನು ಕಾಯುತ್ತದೆ, ಇಬ್ಬರೂ ಗುದ್ದಿಕೊಂಡು 43 ಅಂಕ ಸೊನ್ನೆಯಾಗದಿರಲಿ ಎಂದು. "ಜಾಗ ಬಿಡು" ಎಂಬ ಆದೇಶ ಮೊದಲನೆಯದಕ್ಕೆ ಕೈ ಹಾಕುತ್ತದೆ. ಅದಕ್ಕೇ ಅದು ಹೆಚ್ಚು ನೋಯಿಸುತ್ತದೆ.

ಈಗ ಇದು ನಿಯಮಕ್ಕೆ ವಿರುದ್ಧವೋ ಅಲ್ಲವೋ?

ವಿರುದ್ಧವಲ್ಲ. 2003ರಿಂದ 2010ರವರೆಗಿನ ಎಂಟು ಸೀಸನ್ ಮಾತ್ರ ಫಾರ್ಮುಲಾ ಒನ್‌ನಲ್ಲಿ ನಿಷೇಧ ಇತ್ತು. 2010ರ ಡಿಸೆಂಬರ್‌ನಲ್ಲಿ ಈ ಕ್ರೀಡೆಯ ನಿಯಂತ್ರಣ ಸಂಸ್ಥೆಯಾದ ಎಫ್‌ಐಎ ಅದನ್ನು ತೆಗೆದುಹಾಕಿತು. ಈಗ ಅಡ್ಡ ಬರಬಹುದಾದದ್ದು ಕ್ರೀಡೆಗೆ ಕೆಟ್ಟ ಹೆಸರು ತರುವ ನಡವಳಿಕೆಯ ಮೇಲಿನ ಸಾಮಾನ್ಯ ಕಲಂ ಒಂದೇ. ರೇಡಿಯೊದಲ್ಲಿ ಬಹಿರಂಗವಾಗಿ "ಜಾಗ ಬಿಡು" ಎಂದರೆ ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ತಲೆ ಎತ್ತಿಯೂ ನೋಡುವುದಿಲ್ಲ.

ಹಿಂದಿನ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲವಂತೆ?

ಇನ್ನೂ ಹೆಚ್ಚಾಗಿತ್ತು. 1956ರ ಮಾಂಜಾದಲ್ಲಿ ಫ್ಯಾಂಜಿಯೊನ ಕಾರು ಕೆಟ್ಟಾಗ ಫೆರಾರಿಯ ಜೊತೆಗಾರ ಪೀಟರ್ ಕಾಲಿನ್ಸ್ ತನ್ನ ಕಾರಿನಿಂದಲೇ ಇಳಿದು ಅವನನ್ನು ಕೂರಿಸಿದ. ಚಾಂಪಿಯನ್ ಆಗುವ ಅವಕಾಶ ಕಾಲಿನ್ಸ್‌ಗೂ ಇತ್ತು. ಆಗ ಕಾರು ಹಂಚಿಕೊಂಡರೆ ಅಂಕವನ್ನೂ ಹಂಚಿಕೊಳ್ಳಬಹುದಾಗಿತ್ತು. ಫ್ಯಾಂಜಿಯೊ ಎರಡನೆಯವನಾಗಿ ಬಂದು ಚಾಂಪಿಯನ್ ಆದ. 1964ರ ಮೆಕ್ಸಿಕೊದಲ್ಲಿ ಲೊರೆಂಜೊ ಬಂದಿನಿ ಕೊನೆಯಲ್ಲಿ ಜಾನ್ ಸರ್ಟೀಸ್‌ಗೆ ಎರಡನೇ ಸ್ಥಾನ ಬಿಟ್ಟ. ಸರ್ಟೀಸ್ ಗ್ರಹಾಂ ಹಿಲ್‌ಗಿಂತ ಒಂದೇ ಒಂದು ಅಂಕ ಮುಂದೆ, 40ಕ್ಕೆ 39, ನಿಂತು ಚಾಂಪಿಯನ್ ಆದ.

ಆಗ ಗಲಾಟೆಯಾಗಲಿಲ್ಲ, ಏಕೆಂದರೆ ಮನೆಯಲ್ಲಿ ಕೂತವರಿಗೆ ರೇಡಿಯೊ ಮಾತು ಕೇಳಿಸುತ್ತಿರಲಿಲ್ಲ, ಪ್ರತಿ ಲ್ಯಾಪಿನ ಸಮಯ ಕಾಣಿಸುತ್ತಲೂ ಇರಲಿಲ್ಲ.

## ಹೆಸರಾದ ಜಗಳಗಳು

2002ರ ಆಸ್ಟ್ರಿಯಾ ರೇಸಿಗೆ ಯಾಕೆ ಅಷ್ಟು ರಂಪ? ಅದಕ್ಕಿಂತ ಮುಂಚೆಯೂ ಜಾಗ ಬಿಟ್ಟವರಿದ್ದರಲ್ಲ?

ಲೆಕ್ಕ ನೋಡಿದರೆ ತಿಳಿಯುತ್ತದೆ. ಅದು 17 ರೇಸ್‌ಗಳ ಸೀಸನ್ನಿನ ಆರನೆಯದು. ಆ ಹೊತ್ತಿಗೆ ಫೆರಾರಿಯ ಮೈಕೆಲ್ ಶೂಮಾಕರ್ ಐದರಲ್ಲಿ ನಾಲ್ಕು ಗೆದ್ದು 44 ಅಂಕ ಗಳಿಸಿದ್ದ. ಹಿಂದಿದ್ದ ಹುವಾನ್ ಪಾಬ್ಲೊ ಮೊಂಟೊಯಾಗೆ 23. ಗೆಲುವಿಗೆ 10, ಎರಡನೇ ಸ್ಥಾನಕ್ಕೆ 6 ಇದ್ದ ಕಾಲ. ಅಂದರೆ ಫೆರಾರಿ ಇಷ್ಟೆಲ್ಲ ಮಾಡಿದ್ದು ನಾಲ್ಕು ಅಂಕಕ್ಕೆ, 21 ಅಂಕದ ಮುನ್ನಡೆ ಕೈಯಲ್ಲಿ ಇಟ್ಟುಕೊಂಡು.

ಅವನ ಜೊತೆಗಾರ ರೂಬೆನ್ಸ್ ಬ್ಯಾರಿಕೆಲ್ಲೊ ಪೋಲ್‌ನಿಂದ (ಮೊದಲ ಸಾಲಿನ ಮೊದಲ ಜಾಗದಿಂದ) ಹೊರಟು ರೇಸನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿದ್ದ. ಶೂಮಾಕರ್‌ಗೆ ಜಾಗ ಬಿಡು ಎಂಬ ಆದೇಶ ಬಂದಾಗ ಒಪ್ಪದೆ ಎಳೆದಾಡಿ, ಕೊನೆಯ ಲ್ಯಾಪಿನ ಕೊನೆಯ ತಿರುವು ದಾಟಿದ ಮೇಲೆ, ಗೆರೆ ಕಣ್ಣಿಗೆ ಕಾಣುತ್ತಿರುವಾಗ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದ. ಅಂತರ 0.182 ಸೆಕೆಂಡ್. ಸ್ಟ್ಯಾಂಡ್‌ಗಳಿಂದ ಛೀಮಾರಿ. ಶೂಮಾಕರ್ ಪೋಡಿಯಂನಲ್ಲಿ ಬ್ಯಾರಿಕೆಲ್ಲೊನನ್ನು ಮೇಲಿನ ಮೆಟ್ಟಿಲಿಗೆ ತಳ್ಳಿ ಕಪ್ಪನ್ನೂ ಅವನ ಕೈಗೆ ಕೊಟ್ಟ. ಅದರಿಂದ ಯಾರ ಮುಖವೂ ಉಳಿಯಲಿಲ್ಲ.

ಹತ್ತು ಲ್ಯಾಪ್ ಮುಂಚೆ, ಟ್ರ್ಯಾಕಿನ ದೂರದ ಮೂಲೆಯಲ್ಲಿ ಬಿಟ್ಟಿದ್ದರೆ ಅರ್ಧ ಸಿಟ್ಟು ಇರುತ್ತಿರಲಿಲ್ಲ. ಆದರೆ ಬ್ಯಾರಿಕೆಲ್ಲೊ ಅಲ್ಲೇ ಬಿಟ್ಟಿದ್ದು ಎಲ್ಲರಿಗೂ ಕಾಣಲಿ ಎಂದೇ ಇರಬೇಕು ಎಂಬುದು ನಮ್ಮ ಓದು. ಆ ವರ್ಷ ಶೂಮಾಕರ್ ಜುಲೈನಲ್ಲೇ, ಇನ್ನೂ ಆರು ರೇಸ್ ಬಾಕಿ ಇರುವಾಗ, ಚಾಂಪಿಯನ್ ಆದ. ಕೊನೆಗೆ ಅವನಿಗೆ 144, ಬ್ಯಾರಿಕೆಲ್ಲೊಗೆ 77. ಆ ನಾಲ್ಕು ಅಂಕ ಯಾವ ಉಪಯೋಗಕ್ಕೂ ಬರಲಿಲ್ಲ.

ಆಗ ಬಿದ್ದ 10 ಲಕ್ಷ ಡಾಲರ್ ದಂಡ ಟೀಮ್ ಆರ್ಡರ್‌ಗಾ?

ಅಲ್ಲ. ಪೋಡಿಯಂನಲ್ಲಿ ಮೆಟ್ಟಿಲು ಬದಲಿಸಿದ್ದಕ್ಕೆ. ಆದೇಶ ಆಗಿನ ನಿಯಮದಲ್ಲಿ ತಪ್ಪೇ ಆಗಿರಲಿಲ್ಲ, ಹಾಗಾಗಿ ಸಮಾರಂಭದ ವಿಧಿ ಮುರಿದ ಆರೋಪ ಹಿಡಿದರು. ಅದರಲ್ಲೂ ಅರ್ಧ ದಂಡವನ್ನು ಅಮಾನತಿನಲ್ಲಿಟ್ಟರು.

ನಿಷೇಧ ಇದ್ದಾಗ ತಂಡಗಳು ಸುಮ್ಮನಿದ್ದವಾ?

ಆದೇಶ ನಿಲ್ಲಲಿಲ್ಲ, ವೇಷ ಮರೆಸಿಕೊಂಡಿತು. ನಿಯಮದ ಮಾತು ಒಂದೇ ಸಾಲು: ರೇಸಿನ ಫಲಿತಾಂಶದಲ್ಲಿ ಹಸ್ತಕ್ಷೇಪ ಮಾಡುವ ಟೀಮ್ ಆರ್ಡರ್ ನಿಷಿದ್ಧ. ಆದೇಶ ಕೊಟ್ಟದ್ದನ್ನು ಸಾಬೀತು ಮಾಡುವುದು ಹೇಗೆ ಎಂಬುದಕ್ಕೆ ಅದರಲ್ಲಿ ದಾರಿ ಇರಲಿಲ್ಲ. 2008ರ ಹಾಕೆನ್‌ಹೈಮ್‌ನಲ್ಲಿ ಮೆಕ್‌ಲಾರೆನ್‌ನ ಹೈಕಿ ಕೊವಲೈನನ್ ಆಗಿನ ಜೊತೆಗಾರ ಹ್ಯಾಮಿಲ್ಟನ್‌ಗೆ ದಾರಿ ಬಿಟ್ಟ, ಯಾರೂ ಕೇಳಲಿಲ್ಲ. ಅದೇ ವರ್ಷ ಚೀನಾದಲ್ಲಿ ಫೆರಾರಿಯ ಕಿಮಿ ರೈಕೊನೆನ್ ಜೊತೆಗಾರ ಫೆಲಿಪೆ ಮಾಸಾಗೆ ಎರಡನೇ ಸ್ಥಾನ ಬಿಟ್ಟ, ಆಗಲೂ ಯಾರೂ ಕೇಳಲಿಲ್ಲ. ಆ ವರ್ಷದ ಚಾಂಪಿಯನ್‌ಶಿಪ್ ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು 98ಕ್ಕೆ 97, ಒಂದೇ ಅಂಕದಲ್ಲಿ.

ಜಾರಿ ಮಾಡಲಾಗದ ನಿಯಮ ಪ್ರಾಮಾಣಿಕರನ್ನಷ್ಟೇ ಕಟ್ಟಿಹಾಕುತ್ತದೆ. ಉಳಿದವರು ಸಂಕೇತ ಭಾಷೆ ಕಲಿಯುತ್ತಾರೆ.

"ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ" ಅನ್ನೋದರಲ್ಲಿ ತಪ್ಪೇನಿದೆ? ಅದು ಬರೀ ಮಾಹಿತಿ ಅಲ್ವಾ?

2010ರ ಜುಲೈ 25, ಹಾಕೆನ್‌ಹೈಮ್. ಮಾಸಾ ಮುಂದೆ, ಫೆರಾರಿಯ ಜೊತೆಗಾರ ಫರ್ನಾಂಡೊ ಅಲೊನ್ಸೊ ಬೆನ್ನಿಗೆ. ಎಂಜಿನಿಯರ್ ರಾಬ್ ಸ್ಮೆಡ್ಲಿ ಈ ವಾಕ್ಯವನ್ನು ಒಂದೊಂದೇ ಪದ ಬಿಡಿಸಿ ಹೇಳಿ, ಸಂದೇಶ ಅರ್ಥವಾಯಿತೆಂದು ಖಚಿತಪಡಿಸು ಎಂದ. ಮಾಹಿತಿ ಕೊಡುವವರು ಖಚಿತಪಡಿಸು ಎನ್ನುವುದಿಲ್ಲ. 49ನೇ ಲ್ಯಾಪಿನಲ್ಲಿ ಹೇರ್‌ಪಿನ್ ದಾಟಿದ ಮೇಲೆ ಮಾಸಾ ವೇಗ ಹೆಚ್ಚಿಸುವುದನ್ನು ತಡ ಮಾಡಿದ, ಅಲೊನ್ಸೊ ಮುಂದೆ ಹೋದ, ಸ್ಮೆಡ್ಲಿ ರೇಡಿಯೊದಲ್ಲಿ ಕ್ಷಮೆ ಕೇಳಿದ. ಆ ಕ್ಷಮೆಯೇ ದೊಡ್ಡ ಸಾಕ್ಷಿಯಾಯಿತು. ಹಿಂದಿನ ವರ್ಷ ಅದೇ ದಿನಾಂಕದಂದು ಹಂಗೇರಿಯಲ್ಲಿ ಮಾಸಾ ತಲೆಗೆ ತೀವ್ರ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದ ಎಂಬುದು ಗಾಯದ ಮೇಲೆ ಉಪ್ಪು.

ಸ್ಟೀವರ್ಡ್‌ಗಳು 1 ಲಕ್ಷ ಡಾಲರ್ ದಂಡ ಹಾಕಿ ವಿಷಯವನ್ನು ಮೇಲಿನ ಮಂಡಳಿಗೆ ಕಳಿಸಿದರು. ಸೆಪ್ಟೆಂಬರ್‌ನಲ್ಲಿ ಸೇರಿದ ಮಂಡಳಿ ಹೆಚ್ಚಿನ ಶಿಕ್ಷೆ ಕೊಡಲಿಲ್ಲ, ಅಂಕವೂ ಉಳಿಯಿತು. ಅಂದರೆ ಏಳು ಅಂಕದ ಬೆಲೆ 1 ಲಕ್ಷ ಡಾಲರ್ ಎಂದಾಯಿತು! ಅಷ್ಟಾದರೂ ಅಲೊನ್ಸೊ ಆ ವರ್ಷ ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟೆಲ್‌ಗಿಂತ ನಾಲ್ಕು ಅಂಕ ಹಿಂದುಳಿದ, 256ಕ್ಕೆ 252. ನಿಷೇಧ ಬಿದ್ದುಹೋದದ್ದು ಇದರ ಬೆನ್ನಲ್ಲೇ.

ಮಲ್ಟಿ 21 ಅಂದರೆ ಏನು ಅಂತ ಯಾರೂ ಸರಿಯಾಗಿ ಹೇಳಲ್ಲ.

2013ರಲ್ಲಿ ರೆಡ್ ಬುಲ್‌ನಲ್ಲಿ ವೆಟೆಲ್‌ನ ಕಾರಿನ ಸಂಖ್ಯೆ 1, ಮಾರ್ಕ್ ವೆಬರ್‌ನದು 2. "21" ಅಂದರೆ 2 ಮುಂದೆ, 1 ಹಿಂದೆ. ಕೇಳಿದವರಿಗೆ ಸ್ಟೀರಿಂಗಿನ ಯಾವುದೋ ಗುಂಡಿಯ ಸೆಟ್ಟಿಂಗ್ ಎನಿಸುತ್ತದೆ, ಅಷ್ಟೇ. ಮಲೇಷ್ಯಾದ ಸೆಪಾಂಗ್‌ನಲ್ಲಿ ಕೊನೆಯ ಪಿಟ್ ಸ್ಟಾಪ್ ಮುಗಿದ ಮೇಲೆ ಕ್ರಮ ಹಾಗೇ ಇರಬೇಕಿತ್ತು. ಟೈರ್ ಬೇಗ ಸವೆಯುತ್ತಿದ್ದ ರೇಸ್ ಅದು. ವೆಬರ್ ಎಂಜಿನ್ ತಗ್ಗಿಸಿ ಓಡಿಸುತ್ತಿದ್ದಾಗ ವೆಟೆಲ್ ಆದೇಶ ಮೀರಿ ಮೇಲೆ ಬಿದ್ದು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಹೋರಾಡಿ ಗೆದ್ದ.

ಅನ್ಯಾಯ ಓವರ್‌ಟೇಕ್‌ನಲ್ಲಿ ಇಲ್ಲ. ಎದುರಾಳಿ ಕತ್ತಿ ಒರೆಗೆ ಸೇರಿಸಿದ್ದಾನೆಂದು ಗೊತ್ತಿದ್ದೂ ಹೊಡೆದದ್ದರಲ್ಲಿ ಇದೆ. ಅದೇ ರೇಸಿನಲ್ಲಿ ಮೂರು, ನಾಲ್ಕನೇ ಸ್ಥಾನದಲ್ಲಿದ್ದ ಮರ್ಸಿಡಿಸ್ ಜೋಡಿಗೂ ಇದೇ ಆದೇಶ ಬಂದಿತ್ತು. ನಿಕೊ ರಾಸ್‌ಬರ್ಗ್ ಹೆಚ್ಚು ವೇಗವಿದ್ದೂ ಹ್ಯಾಮಿಲ್ಟನ್‌ನ ಹಿಂದೆಯೇ ಉಳಿದ. ಅವನ ಬಗ್ಗೆ ಯಾರೂ ಕೇಳುವುದಿಲ್ಲ.

1982ರ ಇಮೋಲಾದಲ್ಲಿ ತಪ್ಪು ಯಾರದು, ಪಿರೋನಿಯದಾ?

ಫೆರಾರಿ ಪಿಟ್ ಗೋಡೆಯಿಂದ ತೋರಿಸಿದ ಫಲಕದಲ್ಲಿ ಇದ್ದದ್ದು "ಸ್ಲೋ" ಎಂಬ ಒಂದೇ ಪದ. ಮುಂದಿದ್ದ ಜಿಲ್ ವಿಲ್ನೆವ್ ಅದನ್ನು "ಕ್ರಮ ಬದಲಿಸಬೇಡಿ" ಎಂದು ಓದಿದ. ದಿದಿಯೆ ಪಿರೋನಿ "ಇಂಧನ ಉಳಿಸಿ, ಆದರೆ ರೇಸ್ ಮಾಡಬಹುದು" ಎಂಬಂತೆ ನಡೆದುಕೊಂಡ. ಕೊನೆಯ ಲ್ಯಾಪಿನಲ್ಲಿ ಪಿರೋನಿ ಮುಂದೆ ನುಗ್ಗಿ ಗೆದ್ದ. ವಿಲ್ನೆವ್ ಮತ್ತೆ ಅವನೊಡನೆ ಮಾತಾಡಲಿಲ್ಲ. 13 ದಿನದ ನಂತರ ಝೋಲ್ಡರ್‌ನ ಕ್ವಾಲಿಫೈಯಿಂಗ್‌ನಲ್ಲಿ ವಿಲ್ನೆವ್ ಅಪಘಾತಕ್ಕೀಡಾಗಿ ತೀರಿಕೊಂಡ.

ತಪ್ಪು ಫಲಕದ್ದು ಎನ್ನುತ್ತೇವೆ ನಾವು. ಎರಡು ಅರ್ಥ ಕೊಡುವ ಆದೇಶವನ್ನು ಇಬ್ಬರೂ ತಮತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ವಿಲಿಯಮ್ಸ್ ತೋರಿಸಿದ "ಜೋನ್ಸ್-ರಾಯ್ಟ್" ಫಲಕದಲ್ಲಿ ಗೊಂದಲವೇ ಇರಲಿಲ್ಲ: ಅಲನ್ ಜೋನ್ಸ್ ಮೊದಲು, ಕಾರ್ಲೋಸ್ ರಾಯ್ಟ್‌ಮನ್ ಆಮೇಲೆ. ರಾಯ್ಟ್‌ಮನ್ ಅದನ್ನು ಕಡೆಗಣಿಸಿ ಗೆದ್ದ. ಅದು ನೇರ ಅವಿಧೇಯತೆ, ಇಮೋಲಾ ಹಾಗಲ್ಲ.

ಸಿಂಗಪುರ 2008ರ ಬೇಕೆಂದೇ ಮಾಡಿದ ಅಪಘಾತವೂ ಟೀಮ್ ಆರ್ಡರ್ರಾ?

ಅಲ್ಲ, ಅದು ಮೋಸ. ಆಗ ರೆನೊ ತಂಡದಲ್ಲಿದ್ದ ಅಲೊನ್ಸೊ ಬೇಗ ಪಿಟ್ ಮಾಡಿದ ಸ್ವಲ್ಪ ಹೊತ್ತಿಗೆ ಜೊತೆಗಾರ ನೆಲ್ಸನ್ ಪಿಕೆ ಜೂನಿಯರ್ ಗೋಡೆಗೆ ಗುದ್ದಿದ, ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬಂತು, ಪಿಟ್ ಬಾಕಿ ಇದ್ದವರು ಹಿಂದೆ ಬಿದ್ದರು, 15ನೆಯವನಾಗಿ ಹೊರಟಿದ್ದ ಅಲೊನ್ಸೊ ಗೆದ್ದ. ಟೀಮ್ ಆರ್ಡರ್ ಎಂದರೆ ತಂಡ ತನ್ನದೇ ಜಾಗವನ್ನು ತನ್ನೊಳಗೆ ಹಂಚಿಕೊಳ್ಳುವುದು. ಇಲ್ಲಿ ಉಳಿದೆಲ್ಲರ ರೇಸನ್ನೂ ಕೆಡಿಸಿದರು, ಡ್ರೈವರ್‌ನನ್ನೂ ಮಾರ್ಷಲ್‌ಗಳನ್ನೂ ಅಪಾಯಕ್ಕೆ ಒಡ್ಡಿದರು. 2009ರಲ್ಲಿ ವಿಷಯ ಹೊರಬಿದ್ದಾಗ ಎಫ್‌ಐಎ ರೆನೊ ತಂಡಕ್ಕೆ ಅಮಾನತಿನಲ್ಲಿಟ್ಟ ಅನರ್ಹತೆ ವಿಧಿಸಿತು.

## ಟ್ರ್ಯಾಕಿನ ಮೇಲೆ ಇದು ನಡೆಯುವ ಬಗೆ

ಜಾಗ ಬಿಡೋದು ಅಂದರೆ ಸುಮ್ಮನೆ ಪಕ್ಕಕ್ಕೆ ಸರಿಯೋದಾ? ಎಷ್ಟು ಸಮಯ ಹಾಳಾಗುತ್ತೆ?

ಸರಿಯಾಗಿ ಮಾಡಿದರೆ ಬಿಡುವವನಿಗೆ ಒಂದರಿಂದ ಎರಡು ಸೆಕೆಂಡು, ದಾಟುವವನಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಕೆಲಸ ಹೀಗೆ ಸಾಗುತ್ತದೆ.

ಮೊದಲು ಹಿಂದಿನ ಮೂರನೇ ಕಾರಿನ ಅಂತರ ನೋಡುತ್ತಾರೆ. ಅದು ಮೂರು ಸೆಕೆಂಡಿಗಿಂತ ಒಳಗಿದ್ದರೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ, ಏಕೆಂದರೆ ಕಾಲು ಎತ್ತಿದವನು ಎರಡು ಜಾಗ ಕಳೆದುಕೊಳ್ಳಬಹುದು. ಆಮೇಲೆ ಜೊತೆಗಾರನನ್ನು ಒಂದು ಸೆಕೆಂಡಿನ ಒಳಗೆ ಬರಲು ಬಿಡುತ್ತಾರೆ. ದೂರ ಇರುವಾಗಲೇ ನಿಧಾನ ಮಾಡಿದರೆ ಅಷ್ಟೂ ಸಮಯ ನಷ್ಟ. ಜಾಗಕ್ಕೆ ಉದ್ದನೆಯ ನೇರ ರಸ್ತೆ ಒಳ್ಳೆಯದು: ಬ್ರೇಕ್ ಹಾಕುವ ಜಾಗಕ್ಕಿಂತ ಮುಂಚೆ ಕಾಲು ಎತ್ತಿ ಸಾಲಿನಿಂದ ಹೊರಕ್ಕೆ ಹೋಗುವುದು, ಜೊತೆಗಾರ ರೇಸಿಂಗ್ ಲೈನಿನಲ್ಲೇ (ಎಲ್ಲರೂ ಓಡಿಸುವ ಅತಿವೇಗದ ಸಾಲಿನಲ್ಲೇ) ದಾಟುವುದು. ಯಾವ ಬದಿಗೆ ಎಂಬುದು ರೇಡಿಯೊದಲ್ಲಿ ಮೊದಲೇ ತೀರ್ಮಾನವಾಗಿರಬೇಕು. ಇಬ್ಬರೂ ಒಂದೇ ಕಡೆಗೆ ಸರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಲೈನ್ ಬಿಟ್ಟವನಿಗೆ ಇನ್ನೊಂದು ತೊಂದರೆ ಇದೆ. ಟ್ರ್ಯಾಕಿನ ಅಂಚಿನಲ್ಲಿ ರಬ್ಬರ್ ಚೂರುಗಳು ಬಿದ್ದಿರುತ್ತವೆ, ಬಿಸಿ ಟೈರಿಗೆ ಅವು ಅಂಟಿಕೊಂಡರೆ ಮುಂದಿನ ಎರಡು ಮೂರು ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ. ಒಂದೆರಡು ಸೆಕೆಂಡು ಎನ್ನುವಾಗ ಇದನ್ನೂ ಸೇರಿಸಿಯೇ ಹೇಳಿದ್ದು.

ಮುಂದೆ ಬಿಟ್ಟವನಿಗೆ ಎದುರಾಳಿಯನ್ನು ಹಿಡಿಯೋಕೆ ಆಗದಿದ್ದರೆ?

ವಾಪಸ್ ಕೊಡಬೇಕು. ಇದನ್ನು ಆದೇಶದ ಜೊತೆಗೇ, ಇಷ್ಟು ಲ್ಯಾಪ್ ಎಂದು ಎಣಿಸಿ ಹೇಳುವುದು ಕ್ರಮ. 2017ರ ಹಂಗೇರಿಯಲ್ಲಿ ಮರ್ಸಿಡಿಸ್‌ನ ವಾಲ್ಟೆರಿ ಬೊಟಾಸ್ ಮೂರನೇ ಸ್ಥಾನ ಬಿಟ್ಟು, ಜೊತೆಗಾರ ಹ್ಯಾಮಿಲ್ಟನ್ ಮುಂದಿನ ಫೆರಾರಿಗಳನ್ನು ಹಿಡಿಯಲಿ ಎಂದ. ಹಿಡಿಯಲಾಗಲಿಲ್ಲ. ಅಷ್ಟರಲ್ಲಿ ಬೊಟಾಸ್ ಹಲವು ಸೆಕೆಂಡು ಹಿಂದೆ, ಅವನ ಬೆನ್ನಿಗೇ ವರ್ಸ್ಟಾಪನ್. ಆದರೂ ಹ್ಯಾಮಿಲ್ಟನ್ ಕೊನೆಯ ಲ್ಯಾಪಿನ ಕೊನೆಯ ತಿರುವಿನಲ್ಲಿ ಕಾದು ಜಾಗ ಹಿಂದಿರುಗಿಸಿದ. ಚಾಂಪಿಯನ್‌ಶಿಪ್ ಹೋರಾಟದ ನಡುವೆ ಮೂರು ಅಂಕ ಬಿಟ್ಟ. ಆದೇಶಕ್ಕೆ ಮರ್ಯಾದೆ ಉಳಿಯುವುದು ಇಂಥದ್ದರಿಂದ. ಒಮ್ಮೆ ವಾಪಸ್ ಕೊಡದವನಿಗೆ ಎರಡನೇ ಸಲ ಯಾರೂ ಬಿಡುವುದಿಲ್ಲ.

ರೇಡಿಯೊದಲ್ಲಿ ಏನೂ ಹೇಳದೆ ಪಿಟ್ ಸ್ಟಾಪ್‌ನಲ್ಲೇ ಕ್ರಮ ಬದಲಿಸಬಹುದಂತೆ, ಹೇಗೆ?

ಯಾರನ್ನು ಮೊದಲು ಕರೆಯುತ್ತಾರೆ ಎಂಬುದರಲ್ಲೇ ಎಲ್ಲ ಇದೆ. ಹೊಸ ಟೈರಿನ ಕಾರು ಹಳೆಯದಕ್ಕಿಂತ ಲ್ಯಾಪಿಗೆ ಒಂದೆರಡು ಸೆಕೆಂಡು ವೇಗ ಇರಬಹುದು. ಹಿಂದಿನ ಕಾರನ್ನು ಎರಡು ಲ್ಯಾಪ್ ಮೊದಲು ಕರೆದರೆ, ಮುಂದಿನವನು ಪಿಟ್‌ನಿಂದ ಹೊರಬರುವಾಗ ಹಿಂದಿನವನು ದಾಟಿಹೋಗಿರುತ್ತಾನೆ. ಇದಕ್ಕೇ ಅಂಡರ್‌ಕಟ್ ಎನ್ನುವುದು. ಆದ್ದರಿಂದಲೇ ಹೆಚ್ಚಿನ ತಂಡಗಳಲ್ಲಿ ಮುಂದಿರುವವನಿಗೆ ಮೊದಲ ಕರೆ ಎಂಬ ನಿಯಮ.

ಮಧ್ಯೆ ಇಂಧನ ತುಂಬಿಸುತ್ತಿದ್ದ ಕಾಲದಲ್ಲಿ ಇದು ತಿರುವುಮುರುವು. ಕಡಿಮೆ ಇಂಧನದಲ್ಲಿ ಹೆಚ್ಚು ಹೊತ್ತು ಟ್ರ್ಯಾಕಿನಲ್ಲಿ ಉಳಿದವನೇ ವೇಗ. 2007ರ ಬ್ರೆಜಿಲ್‌ನಲ್ಲಿ ಮಾಸಾ ತನ್ನ ತವರಿನಲ್ಲಿ ಮುಂದಿದ್ದ. ಅವನನ್ನು ಮೊದಲು ಕರೆದು, ರೈಕೊನೆನ್‌ನನ್ನು ಮೂರು ಲ್ಯಾಪ್ ಹೆಚ್ಚು ಓಡಿಸಿದರು. ರೈಕೊನೆನ್ ಹೊರಬರುವಾಗ ಮುಂದಿದ್ದ, ಗೆದ್ದ, 110 ಅಂಕದೊಂದಿಗೆ ಚಾಂಪಿಯನ್ ಆದ. ಹ್ಯಾಮಿಲ್ಟನ್, ಅಲೊನ್ಸೊ ಇಬ್ಬರಿಗೂ 109. ಮಾಸಾ ಗೆದ್ದು ರೈಕೊನೆನ್ ಎರಡನೆಯವನಾಗಿದ್ದರೆ ಅವನಿಗೆ 108. ನಿಷೇಧ ಜಾರಿಯಲ್ಲಿದ್ದಾಗಲೇ ನಡೆದ ಮಾತಿದು. ದೂರು ಬರಲಿಲ್ಲ, ಏಕೆಂದರೆ ಕಣ್ಣಿಗೆ ಕಾಣುವಂತೆ ಯಾರೂ ಕಾಲು ಎತ್ತಿರಲಿಲ್ಲ.

2024ರ ಹಂಗೇರಿಯಲ್ಲಿ ಮೆಕ್‌ಲಾರೆನ್ ಎಡವಿದ್ದು ಎಲ್ಲಿ?

ಮುಂದಿರುವವನಿಗೆ ಮೊದಲ ಕರೆ ಎಂಬ ನಿಯಮವನ್ನು ತಾನೇ ಮುರಿದಲ್ಲಿ. ಆಸ್ಕರ್ ಪಿಯಾಸ್ಟ್ರಿ ಮೊದಲ ತಿರುವಿನಿಂದ ಮುಂದಿದ್ದ. ಎರಡನೇ ಸ್ಟಾಪ್‌ಗೆ ಹಿಂದಿದ್ದ ಲ್ಯಾಂಡೊ ನಾರಿಸ್‌ನನ್ನು 45ನೇ ಲ್ಯಾಪಿನಲ್ಲಿ, ಪಿಯಾಸ್ಟ್ರಿಯನ್ನು 47ರಲ್ಲಿ ಕರೆದರು. ಕಾರಣ, ಮೊದಲೇ ಟೈರ್ ಬದಲಿಸಿದ್ದ ಹ್ಯಾಮಿಲ್ಟನ್‌ನಿಂದ ನಾರಿಸ್‌ನನ್ನು ಕಾಪಾಡುವುದು. ಕಾಪಾಡಿದರು, ಜೊತೆಗೆ ಮುನ್ನಡೆಯೂ ನಾರಿಸ್ ಪಾಲಾಯಿತು.

ಆಮೇಲೆ "ನಿನಗೆ ಅನುಕೂಲವಾದಾಗ ಜಾಗ ವಾಪಸ್ ಕೊಡು" ಎಂದರು. ಲ್ಯಾಪಿನ ಸಂಖ್ಯೆ ಹೇಳದೆ ಗೆಲುವು ಬಿಡು ಎಂದರೆ ಯಾವ ಡ್ರೈವರ್‌ಗೆ ಅನುಕೂಲವಾಗುತ್ತದೆ? ನಾರಿಸ್ ಅಂತರ ಹೆಚ್ಚಿಸುತ್ತ ಹೋದ. ಎಂಜಿನಿಯರ್ ಬೇಡಿಕೊಳ್ಳುವ ಧ್ವನಿಗೆ ಇಳಿದ. 70 ಲ್ಯಾಪಿನ ರೇಸಿನಲ್ಲಿ 68ನೆಯದರಲ್ಲಿ ನಾರಿಸ್ ನೇರ ರಸ್ತೆಯಲ್ಲಿ ನಿಧಾನ ಮಾಡಿದ, ಪಿಯಾಸ್ಟ್ರಿ ಮೊದಲ ಗೆಲುವು ಕಂಡ. ಪಿಯಾಸ್ಟ್ರಿಗೆ ನ್ಯಾಯ ಸಿಕ್ಕಿತು, ಆದರೆ ಅವನ ಮೊದಲ ಗೆಲುವಿನ ದಿನ ಎಲ್ಲರ ಬಾಯಲ್ಲಿ ನಾರಿಸ್ ಹೆಸರು. 47ನೇ ಲ್ಯಾಪಿನಲ್ಲೇ "50ರ ಒಳಗೆ ಬದಲಿಸಿ" ಎಂದಿದ್ದರೆ ಇಷ್ಟು ಸುದ್ದಿಯಾಗುತ್ತಿರಲಿಲ್ಲ.

ಪಿಟ್ ಸ್ಟಾಪ್ ನಿಧಾನವಾದರೆ ಅದು ರೇಸಿನ ಭಾಗ. ಅದಕ್ಕೂ ಜಾಗ ವಾಪಸ್ ಕೊಡಬೇಕಾ?

2025ರ ಮಾಂಜಾದಲ್ಲಿ ಪಿಯಾಸ್ಟ್ರಿ ರೇಡಿಯೊದಲ್ಲಿ ಕೇಳಿದ್ದೂ ಇದನ್ನೇ. ನಾರಿಸ್ ಮುಂದಿದ್ದ, ಆದರೂ ಪಿಯಾಸ್ಟ್ರಿಯನ್ನು ಮೊದಲು ಕರೆದರು, ಅಂಡರ್‌ಕಟ್ ಆಗುವುದಿಲ್ಲವೆಂದು ನಾರಿಸ್‌ಗೆ ಮಾತು ಕೊಟ್ಟು. ಮುಂದಿನ ಲ್ಯಾಪಿನಲ್ಲಿ ನಾರಿಸ್ ಬಂದಾಗ ಎಡ ಮುಂಚಕ್ರ ಕೂರಲು ತಡವಾಗಿ 5.9 ಸೆಕೆಂಡು ನಿಂತ. ಪಿಯಾಸ್ಟ್ರಿ ಮುಂದಾದ. ಬದಲಿಸಿ ಎಂದರು, ಬದಲಿಸಿದ.

ನಮ್ಮ ತೀರ್ಪು ಎರಡು ತುಂಡಾಗಿದೆ. ಬರೀ ನಿಧಾನ ಸ್ಟಾಪ್ ಆಗಿದ್ದರೆ ಅದು ಅದೃಷ್ಟ, ವಾಪಸ್ ಕೊಡಬೇಕಾಗಿಲ್ಲ. ಆದರೆ ಇಲ್ಲಿ ಕ್ರಮ ತಿರುಗಿಸಿದ್ದಕ್ಕೆ ಪ್ರತಿಯಾಗಿ ಕೊಟ್ಟ ಮಾತು ಇತ್ತು, ಅದನ್ನು ಉಳಿಸಬೇಕಿತ್ತು. ಬೆಲೆ ಸಣ್ಣದಲ್ಲ. ಎರಡು, ಮೂರನೇ ಸ್ಥಾನದ ನಡುವೆ ಮೂರು ಅಂಕ. ಆ ವರ್ಷ ಚಾಂಪಿಯನ್ ಆದ ನಾರಿಸ್‌ಗೆ 423, ವರ್ಸ್ಟಾಪನ್‌ಗೆ 421. ಮಾಂಜಾದ ಮೂರನ್ನು ಕಳೆದರೆ ನಾರಿಸ್‌ಗೆ 420. ಉಳಿದ ರೇಸ್‌ಗಳೂ ಹಾಗೇ ಸಾಗುತ್ತಿದ್ದವು ಎನ್ನಲಾಗದು, ಆದರೂ ಲೆಕ್ಕ ಕಣ್ಣಿಗೆ ಹೊಡೆಯುತ್ತದೆ.

## ಒಳಸುಳಿಗಳು

ಡ್ರೈವರ್ ಒಪ್ಪದಿದ್ದರೆ ತಂಡ ಏನು ಮಾಡೋಕಾಗುತ್ತೆ?

ಆ ಕ್ಷಣದಲ್ಲಿ ಏನೂ ಇಲ್ಲ. ಸ್ಟೀರಿಂಗ್ ಅವನ ಕೈಯಲ್ಲಿದೆ. 2016ರ ಅಬುಧಾಬಿಯಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಬೇಕೆಂದೇ ನಿಧಾನ ಓಡಿಸಿ, ಪ್ರಶಸ್ತಿಗೆ ಎದುರಾಳಿಯಾಗಿದ್ದ ಜೊತೆಗಾರ ರಾಸ್‌ಬರ್ಗ್‌ನನ್ನು ಹಿಂದಿನವರ ಬಾಯಿಗೆ ತಳ್ಳಲು ನೋಡಿದ. ವೇಗ ಹೆಚ್ಚಿಸು ಎಂದು ತಾಂತ್ರಿಕ ಮುಖ್ಯಸ್ಥನೇ ರೇಡಿಯೊಗೆ ಬಂದ, ಕೇಳಲಿಲ್ಲ. ರಾಸ್‌ಬರ್ಗ್ ಎರಡನೆಯವನಾಗಿಯೇ ಮುಗಿಸಿ ಐದು ಅಂಕದಿಂದ ಚಾಂಪಿಯನ್ ಆದ. 2022ರ ಬ್ರೆಜಿಲ್‌ನಲ್ಲಿ ಆರನೇ ಸ್ಥಾನವನ್ನು ಪೆರೆಜ್‌ಗೆ ಬಿಡು ಎಂದಾಗ, ಆಗಲೇ ಚಾಂಪಿಯನ್ ಆಗಿದ್ದ ವರ್ಸ್ಟಾಪನ್ ನಿರಾಕರಿಸಿದ. ಎರಡು ಅಂಕದ ಮಾತು. ಪೆರೆಜ್ ವರ್ಷದ ಕೊನೆಗೆ ಎರಡನೆಯವನಾದ ಫೆರಾರಿಯ ಶಾರ್ಲ್ ಲೆಕ್ಲೇರ್‌ಗಿಂತ ಮೂರು ಅಂಕ ಹಿಂದೆ, 308ಕ್ಕೆ 305. ಆ ಎರಡು ಸಿಕ್ಕಿದ್ದರೂ ಸಾಲುತ್ತಿರಲಿಲ್ಲ.

ರೇಸ್ ಮುಗಿದ ಮೇಲೆ ದಂಡ, ಒಪ್ಪಂದ, ಮುಂದಿನ ಸಲದ ಮೊದಲ ಕರೆ ಯಾರಿಗೆ ಎಂಬುದೆಲ್ಲ ತಂಡದ ಕೈಯಲ್ಲಿದೆ. ಪ್ರಾಯೋಗಿಕವಾಗಿ ಹೆಚ್ಚು ವೇಗದ ಡ್ರೈವರ್‌ಗೆ ಅವಿಧೇಯತೆ ಅಗ್ಗ, ಎರಡನೆಯವನಿಗೆ ದುಬಾರಿ.

ಎರಡು ಬೇರೆ ತಂಡಗಳು ಸೇರಿಕೊಂಡರೆ?

ಒಬ್ಬನೇ ಮಾಲೀಕನ ಎರಡು ತಂಡ ಇರುವಾಗ ಈ ಪ್ರಶ್ನೆ ಬರದೇ ಇರದು. 2024ರ ಸಿಂಗಪುರದಲ್ಲಿ ರೆಡ್ ಬುಲ್‌ನ ಕಿರಿಯ ತಂಡದ ಡೇನಿಯಲ್ ರಿಕಿಯಾರ್ಡೊ ಕೊನೆಯ ಹೊತ್ತಿಗೆ ಹೊಸ ಸಾಫ್ಟ್ ಟೈರ್ ಹಾಕಿಸಿಕೊಂಡು ಅತಿವೇಗದ ಲ್ಯಾಪ್ ಹೊಡೆದ. ಮೊದಲ ಹತ್ತರಲ್ಲಿ ಇಲ್ಲದ್ದರಿಂದ ಅವನಿಗೆ ಅಂಕ ಸಿಗುವಂತಿರಲಿಲ್ಲ, ನಾರಿಸ್‌ನ ಕೈಯಿಂದ ಮಾತ್ರ ಒಂದು ಅಂಕ ಜಾರಿತು. ವರ್ಸ್ಟಾಪನ್‌ಗೆ ಅನುಕೂಲ. ಅತಿವೇಗದ ಲ್ಯಾಪಿನ ಅಂಕವನ್ನೇ 2025ರಿಂದ ತೆಗೆದರು. ಜೊತೆಗಾರರ ನಡುವಿನ ಆದೇಶಕ್ಕಿಂತ ಇದನ್ನು ನಾವು ಗಂಭೀರವಾಗಿ ನೋಡುತ್ತೇವೆ, ಏಕೆಂದರೆ ಹೊರಗಿನವರಿಗೆ ಇಲ್ಲಿ ಯಾರು ಯಾರ ಪರ ಎಂಬುದು ಗೊತ್ತಿರುವುದಿಲ್ಲ.

ಬೇರೆ ರೇಸಿಂಗ್‌ನಲ್ಲೂ ಇದೇ ಕಥೆಯಾ?

ರೂಪ ಬೇರೆ. ಬೈಕ್‌ಗಳ ಮೋಟೊಜಿಪಿಯಲ್ಲಿ ಸವಾರನಿಗೆ ರೇಡಿಯೊ ಮಾತಿರಲಿಲ್ಲ, ಡ್ಯಾಶ್‌ಬೋರ್ಡಿನ ಸಂದೇಶವೇ ದಾರಿ. 2017ರ ಸೆಪಾಂಗ್‌ನಲ್ಲಿ ಡುಕಾಟಿ ಹೊರ್ಹೆ ಲೊರೆಂಜೊಗೆ, ಎಂಜಿನ್ ಸೆಟ್ಟಿಂಗ್‌ನಂತೆ ಕಾಣುವ "ಮ್ಯಾಪಿಂಗ್ 8" ಎಂದು ತೋರಿಸಿತು. ಪ್ರಶಸ್ತಿಯ ಓಟದಲ್ಲಿದ್ದ ಜೊತೆಗಾರ ಆಂಡ್ರಿಯಾ ಡೊವಿಜಿಯೊಸೊ ಗೆದ್ದ.

ಜರ್ಮನಿಯ ಡಿಟಿಎಂ ಸರಣಿಯ 2015ರ ಸ್ಪೀಲ್‌ಬರ್ಗ್ ರೇಸಿನಲ್ಲಿ ಆಡಿ ಮುಖ್ಯಸ್ಥ ರೇಡಿಯೊದಲ್ಲಿ ಡ್ರೈವರ್ ಟಿಮೊ ಶೈಡರ್‌ಗೆ "ಅವನನ್ನು ಹೊರಗೆ ತಳ್ಳು" ಎಂದದ್ದು ಎಲ್ಲರಿಗೂ ಕೇಳಿಸಿತು. 2 ಲಕ್ಷ ಯೂರೊ ದಂಡ ಬಿತ್ತು. ಅಮೆರಿಕದ ನ್ಯಾಸ್ಕಾರ್‌ನಲ್ಲಿ 2013ರ ರಿಚ್‌ಮಂಡ್ ರೇಸಿನ ಕೊನೆಯಲ್ಲಿ ಜೊತೆಗಾರನಿಗೆ ಅನುಕೂಲವಾಗಲೆಂದು ಕಾರು ಗಿರಗಿರನೆ ತಿರುಗಿಸಿದ ಪ್ರಕರಣಕ್ಕೆ ತಂಡಕ್ಕೆ 3 ಲಕ್ಷ ಡಾಲರ್ ದಂಡವಾಯಿತು. ಆಮೇಲೆ, ಪ್ರತಿ ಡ್ರೈವರ್ ನೂರಕ್ಕೆ ನೂರು ಪ್ರಯತ್ನ ಹಾಕಬೇಕು ಎಂಬ ನಿಯಮ ಬಂತು.

ರ‍್ಯಾಲಿಯಲ್ಲಿ ಜಾಗ ಬಿಡುವ ದಾರಿಯೇ ಬೇರೆ, ಕಾರುಗಳು ಒಟ್ಟಿಗೆ ಓಡುವುದಿಲ್ಲವಲ್ಲ. 1995ರ ಸ್ಪೇನ್ ರ‍್ಯಾಲಿಯಲ್ಲಿ ಕಾಲಿನ್ ಮೆಕ್‌ರೇ ಸುಬಾರು ತಂಡದ ಆದೇಶಕ್ಕೆ ಕುದಿಯುತ್ತಲೇ ತಲೆಬಾಗಿ, ತಪಾಸಣಾ ಕಟ್ಟೆಗೆ ಬೇಕೆಂದೇ ತಡವಾಗಿ ಹೋಗಿ ದಂಡದ ಸಮಯ ತೆಗೆದುಕೊಂಡ. ಗೆಲುವು ಕಾರ್ಲೋಸ್ ಸೈಂಜ್‌ಗೆ ಹೋಯಿತು. ಮುಂದಿನ ರ‍್ಯಾಲಿಯಲ್ಲಿ ಆದೇಶ ಇರಲಿಲ್ಲ, ಮೆಕ್‌ರೇ ಗೆದ್ದು ಚಾಂಪಿಯನ್ ಆದ.

ನೇರ ಪ್ರಸಾರ ನೋಡುವಾಗ ಆದೇಶ ಬಂದಿದೆ ಅಂತ ಹೇಗೆ ಪತ್ತೆ ಹಚ್ಚೋದು?

ಲ್ಯಾಪಿನ ಒಟ್ಟು ಸಮಯ ನೋಡಬೇಡಿ, ಸೆಕ್ಟರ್ (ಲ್ಯಾಪಿನ ಮೂರು ಭಾಗಗಳ) ಸಮಯ ನೋಡಿ. ಟೈರ್ ಸವೆದವನು ಮೂರೂ ಸೆಕ್ಟರ್‌ನಲ್ಲಿ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಾನೆ. ಜಾಗ ಬಿಡುವವನು ಎರಡು ಸೆಕ್ಟರ್ ಸರಿಯಾಗಿ ಓಡಿಸಿ ಒಂದರಲ್ಲಿ ಏಕಾಏಕಿ ಒಂದೂವರೆ ಸೆಕೆಂಡು ಬಿಡುತ್ತಾನೆ, ಮುಂದಿನ ಲ್ಯಾಪಿನಲ್ಲಿ ಮತ್ತೆ ಹಳೆಯ ವೇಗಕ್ಕೆ ಬರುತ್ತಾನೆ. ಆನ್‌ಬೋರ್ಡ್ (ಕಾರಿನ ಮೇಲಿನ ಕ್ಯಾಮೆರಾದ) ಚಿತ್ರ ಸಿಕ್ಕರೆ ಎಂಜಿನ್ ಸದ್ದಿಗೆ ಕಿವಿ ಕೊಡಿ: ನೇರ ರಸ್ತೆಯ ನಡುವೆ, ಬ್ರೇಕ್ ಜಾಗಕ್ಕೆ ಇನ್ನೂ ದೂರ ಇರುವಾಗ ಸದ್ದು ಇಳಿದರೆ ಕಾಲು ಎತ್ತಿದ್ದಾನೆಂದೇ ಅರ್ಥ.

ಇಂಧನ ಉಳಿಸುವವರೂ ನೇರ ರಸ್ತೆಯ ಕೊನೆಯಲ್ಲಿ ಕಾಲು ಎತ್ತುತ್ತಾರೆ, ಅಲ್ಲಿ ಮೋಸ ಹೋಗಬೇಡಿ. ಅವರು ಅದನ್ನು ಪ್ರತಿ ಲ್ಯಾಪಿನಲ್ಲೂ ಅದೇ ಜಾಗದಲ್ಲಿ ಮಾಡುತ್ತಾರೆ, ಸಾಲು ಬಿಟ್ಟು ಹೊರಕ್ಕೆ ಹೋಗುವುದಿಲ್ಲ. ಪ್ರಸಾರದಲ್ಲಿ ಕೇಳಿಸುವ ರೇಡಿಯೊ ಮಾತು ಎಷ್ಟೋ ಸಲ ಕೆಲವು ಸೆಕೆಂಡು, ಕೆಲವೊಮ್ಮೆ ಒಂದು ಲ್ಯಾಪ್ ಹಳೆಯದು. ಜಾಗ ಬದಲಾದ ಮೇಲೆ ಆದೇಶ ಕೇಳಿಸಿದರೆ, ಡ್ರೈವರ್ ಕೇಳುವ ಮೊದಲೇ ಬಿಟ್ಟ ಎಂದುಕೊಳ್ಳಬೇಡಿ.